ವೈಡೂರ್ಯದ ವಿಚಾರ

ಅಜ್ಜಿಯರು ಹೇಳುವ ಯಾವ ಕಥೆಯನ್ನೇ ತೆಗೆದುಕೊಳ್ಳಿರಿ, ಅದರಲ್ಲಿ ಬರುವ ರಾಜನ ಬೊಕ್ಕಸದಲ್ಲಿ ವಜ್ರವೈಡೂರ್ಯಗಳು ರಾಶಿರಾಶಿಯಾಗಿ ಬಿದ್ದಿರುವುವು. ವಜ್ರವೆಂದ ಕೂಡಲೆ ವೈಡೂರ್ಯ. ಎರಡೂ ಒಂದೇ ಉಸಿರಿನಲ್ಲಿ ಬರತಕ್ಕ ಮಾತುಗಳು. ಆದರೆ ವಜ್ರವನ್ನು ಮೂಗುಬಟ್ಟಿನಲ್ಲಿಯೋ ಓಲೆಯಲ್ಲಿಯೋ ಕಂಡವರು ಊರಿಗೆ ನೂರು ಮಂದಿ ಇದ್ದರೆ, ನಿಜವಾದ ವೈಡೂರ್ಯವನ್ನು ಕೈಯಲ್ಲಿ ಹಿಡಿದು ನೋಡಿದವರು ಒಬ್ಬರೋ ಇಬ್ಬರೋ ಸಿಕ್ಕಿಯಾರು. ಹೆಸರು ಎಲ್ಲರ ಬಾಯಲ್ಲಿದ್ದು ವಸ್ತುವು ಯಾರ ಕಣ್ಣಿಗೂ ಬೀಳದೆ ಇರುವ ಕಡೆಯಲ್ಲಿಯೇ ಮೋಸಕ್ಕೆ ಎಡೆ ಹೆಚ್ಚು. ಆದುದರಿಂದ ಈ ತಿಂಗಳು ನಮ್ಮ ಪುಟವನ್ನು ಈ ಹರಳಿಗಾಗಿಯೇ ಮೀಸಲಿಟ್ಟಿದ್ದೇವೆ.

ಮೋಸ ಹೋಗುವುದರಲ್ಲಿಯೂ ಎರಡು ಬಗೆಯುಂಟು. ಗ್ರಹಶಾಂತಿಗೆಂದು ವೈಡೂರ್ಯವನ್ನು ಧರಿಸಬೇಕೆಂಬ ಮಾತನ್ನು ಕೇಳಿ, ಅಂಗಡಿಗೆ ಹೋಗಿ, ಅಂಗಡಿಯವನು ವೈಡೂರ್ಯವೆಂದು ಕೊಟ್ಟುದನ್ನು ವೈಡೂರ್ಯದ ಬೆಲೆಗೆ ಕೊಂಡು ತರುವುದು ಒಂದು ಬಗೆ. ಇದು ಎಲ್ಲರೂ ಬಲ್ಲ ಮೋಸ. ಇನ್ನೊಂದನ್ನು ಯಾರೂ ಅಷ್ಟಾಗಿ ಎಣಿಸುವುದಿಲ್ಲ. ಹಳೆಯ ಒಡವೆಯನ್ನು ಮುರಿಸಿ ಹೊಸದನ್ನು ಮಾಡಿಸುವಾಗ ಕಲ್ಲಿನ ತೂಕವನ್ನು ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುವುದು ವಾಡಿಕೆ. ಮುತ್ತಜ್ಜಿಯ ಉಂಗುರದಲ್ಲಿದ್ದ, ಕೊಳೆ ಹಿಡಿದು ಮಂಕಾಗಿ, ಬೆಲ್ಲದ ಚೂರಿನಂತೆ ಕಾಣುವ ಆ ಹರಳನ್ನು ಕಿತ್ತು ಪಕ್ಕಕ್ಕಿಟ್ಟರೆ ಅದನ್ನು ಕೇಳಿ ಪಡೆಯುವಷ್ಟು ವ್ಯವಧಾನವೂ ನಮಗಿರುವುದಿಲ್ಲ. ಸುಳ್ಳನ್ನು ನಿಜದ ಬೆಲೆಗೆ ಕೊಳ್ಳುವುದು, ನಿಜವನ್ನು ಬೆಲೆಯೇ ಇಲ್ಲದೆ ಬಿಟ್ಟುಕೊಡುವುದು, ಇವೆರಡೂ ಹರಳನ್ನು ಅರಿಯದಿರುವುದರಿಂದಲೇ ಆಗತಕ್ಕ ನಷ್ಟಗಳು.

ಇಂದು ರತ್ನಶಾಸ್ತ್ರಜ್ಞರು ವೈಡೂರ್ಯವೆಂದು ಒಪ್ಪುವ ಹರಳು ಕ್ರೈಸೊಬೆರಿಲ್ ಎಂಬ ಖನಿಜದ ಜಾತಿಗೆ ಸೇರಿದುದು. ಕ್ರೈಸೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಗಾರ. ಹೊಂಬಣ್ಣದ ಬೆರಿಲ್ ಎಂದು ಹೆಸರಿನ ಅರ್ಥ. ಆದರೆ ಇದು ಬೆರಿಲ್ ಅಲ್ಲ. ಬೆರಿಲ್ಲಿನಲ್ಲಿ ಬೆರಿಲಿಯಮ್, ಅಲ್ಯೂಮಿನಿಯಮ್‌ಗಳ ಜತೆಗೆ ಮರಳಿನ ಅಂಶವಾದ ಸಿಲಿಕಾವೂ ಇರುವುದು; ಪಚ್ಚೆಯು ಆ ಕುಲದ್ದು. ಕ್ರೈಸೊಬೆರಿಲ್ಲಿನಲ್ಲಿ ಸಿಲಿಕಾ ಇಲ್ಲ. ಬೆರಿಲಿಯಮ್, ಅಲ್ಯೂಮಿನಿಯಮ್, ಆಮ್ಲಜನಕ ಈ ಮೂರೇ. ನಮ್ಮ ಅಡಿಗೆಮನೆಯ ಅಗ್ಗದ ಪಾತ್ರೆಯ ಲೋಹವೇ ಇಂಥ ಅಪರೂಪದ ಹರಳಿನಲ್ಲಿಯೂ ಕೂಡಿಕೊಂಡಿರುವುದು ಸೃಷ್ಟಿಯ ಒಂದು ವಿನೋದವಲ್ಲವೆ?

ಕಾಠಿನ್ಯದಲ್ಲಿ ಇದು ದೊಡ್ಡ ಪಂಕ್ತಿಯಲ್ಲಿ ಕೂರತಕ್ಕ ಹರಳು. ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿದ್ವಾಂಸನು 1812ರಲ್ಲಿ ಖನಿಜಗಳ ಕಾಠಿನ್ಯಕ್ಕೆ ಒಂದು ಅಳತೆಯನ್ನು ಏರ್ಪಡಿಸಿದನು. (ಅವನ ಹೆಸರು ನಮ್ಮ ಕಿವಿಗೆ ಹೇಗೆ ಕೇಳಿಸಿದರೂ ಅವನ ಅಳತೆ ಮೋಸವನ್ನು ತಪ್ಪಿಸುವುದಕ್ಕೇ ಇರುವುದು.) ಅದರಲ್ಲಿ ವಜ್ರಕ್ಕೆ 10, ಮಾಣಿಕ್ಯ ನೀಲಗಳಿಗೆ 9, ವೈಡೂರ್ಯಕ್ಕೆ ಎಂಟೂವರೆ, ಬೆಣಚುಕಲ್ಲಿಗೆ 7. ಕಾಠಿನ್ಯವಿದ್ದರೂ ಪೆಟ್ಟಿಗೆ ಸೀಳಿಹೋಗುವ ಹರಳುಗಳುಂಟು. ವೈಡೂರ್ಯವು ಹಾಗಲ್ಲ, ಬಹಳ ಗಟ್ಟಿಮುಟ್ಟು. ದಿನವೂ ಕೈಯಲ್ಲಿ ಇಟ್ಟುಕೊಂಡು ಕೆಲಸ ಮಾಡುವ ಗೃಹಿಣಿಯ ಉಂಗುರಕ್ಕೆ ಇದಕ್ಕಿಂತ ಒಪ್ಪುವ ಹರಳುಗಳು ಕೆಲವೇ. ಮುತ್ತಿನಂತೆ ಬೆವರಿಗೆ ಕೆಡದು, ಬಿಸಿಲಿಗೆ ಬಣ್ಣ ಬಿಡದು.

ಇನ್ನು ಅದರ ಕಣ್ಣಿನ ವಿಷಯ. ವೈಡೂರ್ಯವನ್ನು ಮಾರ್ಜಾರನೇತ್ರವೆಂದೂ ಬೆಕ್ಕಿನ ಕಣ್ಣೆಂದೂ ಕರೆಯುವುದಕ್ಕೆ ಕಾರಣ, ಅದರ ಮೈಮೇಲೆ ಒಂದು ಬೆಳ್ಳಿಯ ಗೆರೆ ನಿಂತಂತೆ ಕಾಣುವುದು. ಉಂಗುರವನ್ನು ಆಡಿಸಿದರೆ ಗೆರೆಯೂ ಜರುಗುವುದು. ಇದೇನು ಮಾಯೆಯೆಂದು ಬೆರಗಾಗಬೇಕಾಗಿಲ್ಲ. ಮನೆಯಲ್ಲಿರುವ ಹೊಲಿಗೆಯ ರೇಶ್ಮೆನೂಲಿನ ಉರುಳೆಯೊಂದನ್ನು ದೀಪದ ಕೆಳಗೆ ಹಿಡಿಯಿರಿ. ನೂಲು ಸುತ್ತಿದ ದಿಕ್ಕಿಗೆ ಅಡ್ಡವಾಗಿ ಒಂದು ಹೊಳಪಿನ ಪಟ್ಟಿ ಕಾಣಿಸುವುದು. ಉರುಳೆಯನ್ನು ಹೊರಳಿಸಿದರೆ ಪಟ್ಟಿಯೂ ಸರಿಯುವುದು. ವೈಡೂರ್ಯದೊಳಗೆ ಹೀಗೆಯೇ, ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳೂ ಟೊಳ್ಳು ನಾಳಗಳೂ ಸಾವಿರಗಟ್ಟಲೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಅಡ್ಡಲಾಗಿ ಒಂದೇ ಗೆರೆಯಾಗಿ ಕೂಡುವುದು. ವಜ್ರದಂತೆ ಮುಖಗಳನ್ನು ಕಡೆದರೆ ಈ ಗೆರೆ ಕಾಣದು. ಮೇಲ್ಭಾಗವನ್ನು ಗುಮ್ಮಟದಂತೆ ಉಬ್ಬಾಗಿ, ತಳವನ್ನು ಸೂಜಿಗಳ ದಿಕ್ಕಿಗೆ ಸಮನಾಗಿ ಇಟ್ಟುಕೊಂಡು ಸಾಣೆ ಹಿಡಿಯಬೇಕು. ತಳವು ಸ್ವಲ್ಪ ಓರೆಯಾದರೆ ಗೆರೆಯು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಜಾರಿಬಿಡುವುದು. ಹರಳಿನ ಬೆಲೆಯೂ ಅದರೊಡನೆಯೇ ಜಾರುವುದು.

ಗೆರೆಯು ಹರಳಿನ ಈ ತುದಿಯಿಂದ ಆ ತುದಿಯವರೆಗೆ ಮುರಿಯದೆ, ತೆಳ್ಳಗೆ, ನಡುವೆ ನೆಟ್ಟಗೆ ನಿಲ್ಲಬೇಕು. ಬಣ್ಣಗಳಲ್ಲಿ ಜೇನಿನ ಬಣ್ಣವನ್ನು ಎಲ್ಲಕ್ಕೂ ಮೇಲೆಂದು ಎಣಿಸುವರು. ಹಸುರು ಬೆರೆತ ಹಳದಿಯನ್ನು ಮೆಚ್ಚುವವರೂ ಬಹು ಮಂದಿ. ಒಳ್ಳೆಯ ಹರಳಿನಲ್ಲಿ ಇನ್ನೊಂದು ಸೊಗಸುಂಟು. ದೀಪವನ್ನು ಪಕ್ಕದಿಂದ ಹಿಡಿದರೆ ದೀಪದ ಕಡೆಯ ಅರ್ಧವು ಜೇನಿನಂತೆಯೂ ಆಚೆಯ ಅರ್ಧವು ಹಾಲಿನಂತೆಯೂ ಕಾಣುವುದು. ಹರಳನ್ನು ತಿರುಗಿಸಿದರೆ ಹಾಲಿದ್ದೆಡೆಗೆ ಜೇನು, ಜೇನಿದ್ದೆಡೆಗೆ ಹಾಲು. ವ್ಯಾಪಾರಿಗಳು ಇದನ್ನು ಹಾಲುಜೇನೆಂದೇ ಹೇಳುವರು. ಎರಡು ದೀಪಗಳ ನಡುವೆ ಹಿಡಿದು ತಿರುಗಿಸಿದರಂತೂ ಗೆರೆಯು ಎರಡಾಗಿ ಬಿಚ್ಚಿಕೊಂಡು ಮತ್ತೆ ಒಂದಾಗಿ ಮುಚ್ಚಿಕೊಳ್ಳುವುದು. ಕಣ್ಣೆಂಬ ಹೆಸರನ್ನು ಕೊಟ್ಟವರು ಸುಮ್ಮನೆ ಕೊಡಲಿಲ್ಲವೆಂದು ಆಗ ತೋರುತ್ತದೆ.

ಒಳ್ಳೆಯ ವೈಡೂರ್ಯಕ್ಕೆ ಸಿಂಹಳವು ಹಿಂದಿನಿಂದಲೂ ತವರು. ಅಲ್ಲಿಯ ರತ್ನಪುರದ ಸುತ್ತಮುತ್ತ ಬತ್ತದ ಗದ್ದೆಗಳ ಅಡಿಯಲ್ಲಿ ಇಲ್ಲಮ್ ಎಂಬ ನೊರಜುಗಲ್ಲಿನ ಪದರವುಂಟು. ಗದ್ದೆಯಲ್ಲಿ ಬಾವಿಯಂತೆ ಗುಂಡಿ ತೋಡಿ, ಬದಿ ಕುಸಿಯದಂತೆ ಮರದ ಆಧಾರ ಕೊಟ್ಟು, ನೀರನ್ನು ಎತ್ತಿಹಾಕುತ್ತ, ಆ ನೊರಜನ್ನು ಮೇಲಕ್ಕೆ ತಂದು ಬುಟ್ಟಿಗಳಲ್ಲಿ ತೊಳೆಯುವರು. ಅಕ್ಕಿಯಲ್ಲಿ ಕಲ್ಲು ಆರಿಸುವುದು ನಮ್ಮ ಹೆಂಗಸರಿಗೆ ಗೊತ್ತು; ಅಲ್ಲಿ ಕಲ್ಲಿನಲ್ಲಿ ಕಲ್ಲು ಆರಿಸಬೇಕು. ನಮ್ಮ ದೇಶದಲ್ಲಿ ತಿರುವನಂತಪುರದ ಸೀಮೆಯಲ್ಲಿಯೂ ಒರಿಸ್ಸಾ ಆಂಧ್ರಗಳಲ್ಲಿಯೂ ಈ ಹರಳು ಸಿಕ್ಕುವುದು. ಸಮುದ್ರದಾಚೆ ಬ್ರೆಜಿಲ್ ದೇಶದಲ್ಲಿಯೂ ಉಂಟು. ಇಂಗ್ಲೆಂಡಿನಲ್ಲಿ ಇದಕ್ಕೆ ಒಮ್ಮೆಲೆ ಮರ್ಯಾದೆ ಬಂದುದು, ವಿಕ್ಟೋರಿಯಾ ರಾಣಿಯ ಮಗನಾದ ಕನಾಟ್ ಡ್ಯೂಕನು ತನ್ನ ವಧುವಿಗೆ ವೈಡೂರ್ಯದ ಉಂಗುರವನ್ನು ಕೊಟ್ಟ ಮೇಲೆ. ಅವರ ಮದುವೆ 1879ರಲ್ಲಿ ನಡೆಯಿತು. ಸಿಂಹಳದ ಹರಳಿಗೆ ಅಂದು ಏರಿದ ಗಿರಾಕಿ ಇಳಿಯುವುದಕ್ಕೆ ಬಹುಕಾಲ ಹಿಡಿಯಿತಂತೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಹೆಸರಾಂತ ಸಿಂಹಳದ ವೈಡೂರ್ಯವೊಂದಕ್ಕೆ ‘ಮಹಾರಾಣಿ’ ಎಂದೇ ಹೆಸರು. ತೂಕ 58 ಕ್ಯಾರಟ್ಟಿಗೆ ಮೇಲೆ. ಕ್ಯಾರಟ್ ಎಂದರೆ ಒಂದು ಗ್ರಾಮಿನ ಐದನೆಯ ಒಂದು ಪಾಲು.

ಇಲ್ಲಿ ಒಂದು ಸಂದೇಹ ಏಳಬಹುದು. ಶಾಸ್ತ್ರಗಳಲ್ಲಿ ಹೇಳಿದ ವೈಡೂರ್ಯವೂ ಇದೇ ಕಲ್ಲೋ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ನಡೆಯುವ ಗೊಂದಲದ ಬೇರು ಇಲ್ಲಿಯೇ ಇದೆ. ಪಾಣಿನಿಯು ವಿದೂರವೆಂಬ ಊರಿನಿಂದ ಬಂದುದು ವೈದೂರ್ಯವೆಂದು ಶಬ್ದವನ್ನು ಸಾಧಿಸಿದನು. ಪತಂಜಲಿಯು ಅದಕ್ಕೆ ಆಕ್ಷೇಪವೆತ್ತಿ, ಹರಳು ಹುಟ್ಟುವುದು ವಾಲವಾಯವೆಂಬ ಬೆಟ್ಟದಲ್ಲಿ, ವಿದೂರದಲ್ಲಿ ಅದಕ್ಕೆ ಸಂಸ್ಕಾರವಾಗುವುದು ಮಾತ್ರ ಎಂದನು. ಗಣಿಯೊಂದು ಕಡೆ, ಸಾಣೆಯೊಂದು ಕಡೆ, ಹೆಸರು ಸಾಣೆಯ ಊರಿಗೆ. ಇಂದಿಗೂ ರತ್ನದ ವ್ಯಾಪಾರದಲ್ಲಿ ಇದೇ ಕಥೆ. ಈಚಿನ ವಿದ್ವಾಂಸರಲ್ಲಿ ಕೆಲವರು ಇದು ದಕ್ಷಿಣದ ಮಾತೆಂದೂ, ವೇಲೂರು ಅಥವಾ ಬೇಲೂರು ಎಂಬ ಊರ ಹೆಸರಿನಿಂದ ಬಂದುದೆಂದೂ ಹೇಳುವರು. ಹಾಸನದ ಕಡೆಯ ವಾಚಕರು ಹಿಗ್ಗಬಹುದು. ಆದರೆ ಆ ಹೆಸರಿನ ಊರುಗಳು ದಕ್ಷಿಣದಲ್ಲಿ ಒಂದೇ ಅಲ್ಲವೆಂಬುದನ್ನೂ ಜ್ಞಾಪಕದಲ್ಲಿಡಬೇಕು.

ಪ್ರಾಕೃತ ಪಾಳಿಗಳಲ್ಲಿ ವೇಳುರಿಯವಾದ ಈ ಮಾತೇ ಗ್ರೀಕರ ಬಾಯಲ್ಲಿ ಬೆರಿಲ್ಲೋಸ್ ಆಗಿ, ಲ್ಯಾಟಿನ್ನಿನಲ್ಲಿ ಬೆರಿಲ್ಲಸ್ ಆಗಿ, ಯುರೋಪಿನ ಭಾಷೆಗಳಿಗೆಲ್ಲ ಬೆರಿಲ್ ಎಂಬ ಶಬ್ದವನ್ನು ಕೊಟ್ಟಿತು. ಮೊದಮೊದಲು ಕನ್ನಡಕದ ಕಾಚುಗಳನ್ನು ಇಂಥ ತಿಳಿಗಲ್ಲುಗಳಿಂದ ಮಾಡುತ್ತಿದ್ದುದರಿಂದ ಜರ್ಮನರು ಕನ್ನಡಕಕ್ಕೆ ಇಂದಿಗೂ ಬ್ರಿಲ್ಲೆ ಎನ್ನುವರು. ಜರ್ಮನಿಯ ಮುದುಕನು ತನ್ನ ಕನ್ನಡಕವನ್ನು ಹುಡುಕುವಾಗ ಅವನಿಗೆ ಅರಿವಿಲ್ಲದೆಯೇ ನಮ್ಮ ವೈಡೂರ್ಯವನ್ನು ಕರೆಯುತ್ತಾನೆ! ರೋಮಿನ ಪ್ಲಿನಿಯು ಬೆರಿಲ್ಲುಗಳು ಭಾರತದಲ್ಲಿ ಹುಟ್ಟುವುವೆಂದೂ ಬೇರೆ ಕಡೆ ಅಪರೂಪವೆಂದೂ ಬರೆದಿಟ್ಟಿದ್ದಾನೆ. ಕೊಯಮತ್ತೂರಿನ ಸೀಮೆಯ ಕಾಂಗೇಯದ ಬಳಿ ಪಡಿಯೂರಿನಲ್ಲಿ ಬೆರಿಲ್ಲಿನ ಹಳೆಯ ಗಣಿಯಿತ್ತು. ಅದರಿಂದ ಬಹಳ ದೂರವಿಲ್ಲದ ಕೊಡುಮಣಲ್ ಎಂಬಲ್ಲಿ ಅಗೆದು ನೋಡಿದವರಿಗೆ ಬೆರಿಲ್ ಮೊದಲಾದ ಕಲ್ಲುಗಳಿಂದ ಮಣಿಗಳನ್ನು ಮಾಡುತ್ತಿದ್ದ ಕುಶಲಕರ್ಮಿಗಳ ನೆಲೆಗಳು ದೊರೆತಿವೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವೈಡೂರ್ಯದ ಬಗೆಗಳನ್ನು ಎಣಿಸಿದೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಅಲ್ಲಿ ನೈದಿಲೆಯ ಬಣ್ಣ, ಬಾಗೆಯ ಹೂವಿನ ಬಣ್ಣ, ನೀರಿನ ಬಣ್ಣ, ಬಿದಿರಿನ ಬಣ್ಣ, ಗಿಳಿಯ ಗರಿಯ ಬಣ್ಣ ಇವೆಲ್ಲ ಬರುವುವು. ಬೆಕ್ಕಿನ ಹೆಸರಾಗಲಿ ಗೆರೆಯ ಸುದ್ದಿಯಾಗಲಿ ಆ ಪಟ್ಟಿಯಲ್ಲಿ ಇಲ್ಲ. ನೀರಿನ ಬಣ್ಣ, ಬಿದಿರಿನ ಹಸುರು ಎಂದರೆ ಬೆರಿಲ್ಲಿಗೇ ಚೆನ್ನಾಗಿ ಹೊಂದುವುದು. ಆದುದರಿಂದ ಹಿಂದಿನವರು ವೈಡೂರ್ಯವೆಂದಾಗ ಬಹುಮಟ್ಟಿಗೆ ಬೆರಿಲ್ಲನ್ನೇ ಕುರಿತು ಹೇಳುತ್ತಿದ್ದರೆಂದೂ, ನವರತ್ನದ ಪಂಕ್ತಿಯಲ್ಲಿ ಬೆಕ್ಕಿನ ಕಣ್ಣು ಆ ಹೆಸರನ್ನು ಪಡೆದುದು ಅನಂತರವೆಂದೂ ನಂಬುವ ವಿದ್ವಾಂಸರಿದ್ದಾರೆ. ನಮಗೂ ಅದೇ ಸರಿಯೆಂದು ತೋರುವುದು. ಹೆಸರು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೀಗೆ ನಡೆದುಹೋಗಿದ್ದರೆ, ಅಂಗಡಿಯ ಚೀಟಿಯಲ್ಲಿ ‘ವೈಡೂರ್ಯ 1’ ಎಂದು ಬರೆಸಿಕೊಂಡು ಬಂದ ಮಾತ್ರದಿಂದ ಏನು ತಿಳಿದಂತಾಯಿತು? ಏನೂ ಇಲ್ಲ.

ಏಕೆಂದರೆ ಗೆರೆಯುಳ್ಳ ಕಲ್ಲು ಇದೊಂದೇ ಅಲ್ಲ. ಸೂಜಿಗಳು ಒಂದೇ ದಿಕ್ಕಿಗೆ ಮಲಗಿರುವ ಯಾವ ಖನಿಜವನ್ನು ಗುಮ್ಮಟದಂತೆ ಸಾಣೆ ಹಿಡಿದರೂ ಕಣ್ಣು ಬಿಡುವುದು. ಬೆಣಚಿನ ಜಾತಿಯ ಬೆಕ್ಕುಗಣ್ಣು ಧಾರಾಳವಾಗಿ ಸಿಕ್ಕುವುದು. ಕಂದುಬಣ್ಣದ ಪಟ್ಟೆಪಟ್ಟೆಯಾದ ಹುಲಿಗಣ್ಣು ಅದರ ನಂಟ. ಇವು ಸುಳ್ಳು ಕಲ್ಲುಗಳಲ್ಲ, ಕೆಟ್ಟ ಕಲ್ಲುಗಳೂ ಅಲ್ಲ. ಅವುಗಳ ಬೆಲೆಗೆ ಕೊಂಡರೆ ನಷ್ಟವಿಲ್ಲ. ವೈಡೂರ್ಯದ ಬೆಲೆಗೆ ಕೊಂಡರೆ ಮಾತ್ರ ನಷ್ಟ. ಇವುಗಳ ಹಿಂದೆ ನಿಂತಿರುವುದು ಗಾಜು. ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳನ್ನು ಕಟ್ಟುಕಟ್ಟಾಗಿ ಕಾಸಿ ಬೆಸೆದು, ಕತ್ತರಿಸಿ, ಬೇಕಾದ ಬಣ್ಣದಲ್ಲಿ ಬೆಕ್ಕಿನ ಕಣ್ಣುಗಳನ್ನು ಮಾಡುತ್ತಾರೆ. ಅದರ ಗೆರೆಯಾದರೋ ನಿಜವಾದ ಹರಳಿನ ಗೆರೆಯನ್ನೂ ನಾಚಿಸುವಷ್ಟು ಚೂಪು! ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಒಂದು ನಿಯಮವುಂಟು: ಬರಿಯ ಬೆಕ್ಕಿನ ಕಣ್ಣೆಂದರೆ ಅದು ಕ್ರೈಸೊಬೆರಿಲ್ಲೇ ಆಗಿರಬೇಕು, ಮಿಕ್ಕವನ್ನು ಬೆಣಚಿನ ಬೆಕ್ಕುಗಣ್ಣು ಎಂಬಂತೆ ಜಾತಿಯ ಹೆಸರು ಕೂಡಿಸಿಯೇ ಹೇಳಬೇಕು. ನಮ್ಮ ಪೇಟೆಬೀದಿಗಳಲ್ಲಿ ಈ ನಿಯಮವನ್ನು ಬಲ್ಲವರು ಕಡಿಮೆ, ಬಲ್ಲವರಲ್ಲಿ ಪಾಲಿಸುವವರು ಇನ್ನೂ ಕಡಿಮೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಎರಡು ಮೂರುಂಟು. ಮೊದಲು ಒಂದು ಮಾತನ್ನು ಹೇಳಿಬಿಡುವೆವು. ಕೆಲವು ಅಂಗಡಿಗಳಲ್ಲಿ ಹರಳಿನಿಂದ ಗಾಜಿನ ಮೇಲೆ ಗೀರಿ ತೋರಿಸಿ, ‘ನೋಡಿ ತಾಯಿ, ಅಸಲು’ ಎನ್ನುವರು. ಇದಕ್ಕೆ ಮರುಳಾಗಕೂಡದು. ಗಾಜಿನ ಕಾಠಿನ್ಯ ಸುಮಾರು ಐದೂವರೆ; ಬೀದಿಯ ಬೆಣಚುಕಲ್ಲು ಸಹ ಅದನ್ನು ಗೀರುವುದು. ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಬೂದುಗಾಜೊಂದನ್ನು ಇಟ್ಟುಕೊಂಡು ಹರಳಿನ ಪಕ್ಕವನ್ನು, ಎಂದರೆ ಗೆರೆಯ ಎಡಬಲಗಳ ಬದಿಯನ್ನು, ನೋಡಿರಿ. ಗಾಜಿನ ಎಳೆಗಳಿಂದ ಮಾಡಿದ್ದಾದರೆ ಅಲ್ಲಿ ಜೇನುಹುಟ್ಟಿನ ಕಣ್ಣುಗಳಂತೆ ಒತ್ತೊತ್ತಾದ ಜಾಲ ಕಾಣಬಹುದು. ನಿಜವಾದ ಕಲ್ಲಿನಲ್ಲಿ ಅಂಥ ಜಾಲವಿರದು. ಹತ್ತು ಹರಳುಗಳು ಒಂದೇ ಅಚ್ಚಿನಿಂದ ತೆಗೆದಂತೆ ಒಂದೇ ಬಣ್ಣ, ಒಂದೇ ಗೆರೆ ಇದ್ದರೆ ಆಗಲೂ ಸಂದೇಹಪಡಬೇಕು.

ಎರಡನೆಯದು ನೀರಿನ ತೂಕ; ನಂಬಿಕೆಯುಳ್ಳ ಅಕ್ಕಸಾಲಿಗನ ಸೂಕ್ಷ್ಮವಾದ ತಕ್ಕಡಿಯಿದ್ದರೆ ಇದು ಕಷ್ಟವಲ್ಲ. ಉಂಗುರದಲ್ಲಿ ಕೂರಿಸದ ಬಿಡಿ ಹರಳಾಗಿರಬೇಕು. ಅದನ್ನು ಮೊದಲು ಎಂದಿನಂತೆ ತೂಗಿ, ಆಮೇಲೆ ಕೂದಲೆಳೆಯಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಟ್ಟು ತೂಗಬೇಕು. ನೀರಿನಲ್ಲಿ ತೂಕ ಕಡಿಮೆ ಬರುವುದು. ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿರಿ. 10 ಕ್ಯಾರಟ್ಟಿನ ಹರಳು ನೀರಿನಲ್ಲಿ 7.3 ಕ್ಯಾರಟ್ ತೂಗಿದರೆ ಕಳೆದುದು 2.7, ಹತ್ತನ್ನು ಅದರಿಂದ ಭಾಗಿಸಿದರೆ 3.7. ಇದು ವೈಡೂರ್ಯದ ಅಂಕ. ಬೆಣಚಿನ ಹರಳಾದರೆ ಅದೇ 10 ಕ್ಯಾರಟ್ಟು ನೀರಿನಲ್ಲಿ ಆರಕ್ಕೆ ಸ್ವಲ್ಪ ಮೇಲೆ ನಿಂತು, ಭಾಗಲಬ್ಧವು 2.65 ಬರುವುದು. ಇಷ್ಟು ದೊಡ್ಡ ಅಂತರವನ್ನು ಯಾವ ಮಾತಿನ ಚಾತುರ್ಯದಿಂದಲೂ ಮುಚ್ಚಲಾಗದು. ಶಾಲೆಯಲ್ಲಿ ಓದುವ ಮಕ್ಕಳನ್ನು ಕೂರಿಸಿಕೊಂಡು ಈ ಲೆಕ್ಕವನ್ನು ಮಾಡಿಸಿದರೆ ಆರ್ಕಿಮಿಡೀಸನ ಪಾಠವೂ ಅವರ ತಲೆಗೆ ಹತ್ತುವುದು. ಗಾಜು ಮಾತ್ರ ಈ ಪರೀಕ್ಷೆಗೆ ಪೂರ್ತಿ ಸಿಕ್ಕದು, ಏಕೆಂದರೆ ಅದರ ಭಾರವನ್ನು ಮಾಡುವವರು ಹೆಚ್ಚುಕಡಿಮೆ ಮಾಡಬಲ್ಲರು. ಅದಕ್ಕೆ ಬೂದುಗಾಜೇ ಸರಿ. ಹೆಚ್ಚಿನ ಹಣದ ಮಾತಾದರೆ ಜಯಪುರ, ಮುಂಬಯಿ ಮೊದಲಾದ ನಗರಗಳಲ್ಲಿರುವ ರತ್ನಪರೀಕ್ಷಾಲಯಗಳಿಗೆ ಕಳುಹಿಸಿ, ಖನಿಜದ ಜಾತಿಯನ್ನು ಬರೆದ ಪತ್ರವನ್ನು ಪಡೆಯುವುದೇ ವಿವೇಕ.

ಜಾತಿ ನಿಜವಾಗಿದ್ದರೂ ಬಣ್ಣ ನಿಜವಾಗಿರಬೇಕೆಂದಿಲ್ಲ. 1997ರಲ್ಲಿ ಬ್ಯಾಂಕಾಕಿನ ರತ್ನದ ಪೇಟೆಗೆ ಕಡುಗಂದು ಬಣ್ಣದ ವೈಡೂರ್ಯಗಳು ಬಂದುವು. ಪರೀಕ್ಷಿಸಿದಾಗ ಅವು ವಿಕಿರಣವನ್ನು ಸೂಸುತ್ತಿದ್ದುವು. ಬಣ್ಣವನ್ನು ಗಾಢಗೊಳಿಸುವ ಆಸೆಯಿಂದ ಅವನ್ನು ನ್ಯೂಟ್ರಾನುಗಳ ಹೊಡೆತಕ್ಕೆ ಒಡ್ಡಿ, ಆ ವಿಕಿರಣವು ತಣಿಯುವಷ್ಟು ಕಾಲ ಕಾಯದೆ ಮಾರಾಟಕ್ಕೆ ಬಿಟ್ಟಿದ್ದರು. ಮೈಗೆ ಒತ್ತಿಕೊಂಡು ಹಗಲಿರುಳೂ ಇರತಕ್ಕ ವಸ್ತುವಿನಲ್ಲಿ ಇಂಥ ಕೆಲಸ ಮಾಡಿದವರನ್ನು ಏನೆನ್ನಬೇಕೋ ತಿಳಿಯದು. ಜೇನುಬಣ್ಣವನ್ನು ಬಿಟ್ಟು ಚಾಕೊಲೇಟಿನಂಥ ಕಂದುಬಣ್ಣದ ಹರಳನ್ನು ಅಗ್ಗವೆಂದು ಕೊಳ್ಳುವವರು ಪರೀಕ್ಷೆಯಿಲ್ಲದೆ ಕೊಳ್ಳಬಾರದು.

ವೈಡೂರ್ಯಕ್ಕೆ ಒಡಹುಟ್ಟಿದ ಇನ್ನೊಂದು ಹರಳಿದೆ; ಅದು ಇದಕ್ಕಿಂತಲೂ ಅಪರೂಪ. 1830ರ ದಶಕದಲ್ಲಿ ರಷ್ಯದ ಉರಾಲ್ ಪರ್ವತಗಳ ಪಚ್ಚೆಯ ಗಣಿಗಳಲ್ಲಿ ಒಂದು ಹಸುರು ಕಲ್ಲು ಸಿಕ್ಕಿತು. ಹಗಲಿನಲ್ಲಿ ಹಸುರಾಗಿದ್ದ ಆ ಕಲ್ಲು ಮೇಣದ ಬತ್ತಿಯ ಬೆಳಕಿಗೆ ಕೆಂಪಾಯಿತು! ಮುಂದೆ ಎರಡನೆಯ ಅಲೆಕ್ಸಾಂಡರನೆಂದು ಪಟ್ಟವೇರಿದ ಯುವರಾಜನ ಹೆಸರನ್ನು ಅದಕ್ಕಿಟ್ಟು ಅಲೆಕ್ಸಾಂಡ್ರೈಟ್ ಎಂದರು. ಕೆಂಪು ಹಸುರುಗಳು ರಷ್ಯದ ಸೈನ್ಯದ ಬಣ್ಣಗಳಾಗಿದ್ದುದರಿಂದ ಅಲ್ಲಿಯವರಿಗೆ ಅದು ಬಹಳ ಪ್ರಿಯವಾಯಿತು. ಇದೂ ಕ್ರೈಸೊಬೆರಿಲ್ಲೇ, ಆದರೆ ಇದರಲ್ಲಿ ಕ್ರೋಮಿಯಮ್ಮಿನ ಲೇಶವುಂಟು. ಮಾಣಿಕ್ಯಕ್ಕೆ ಕೆಂಪನ್ನೂ ಪಚ್ಚೆಗೆ ಹಸುರನ್ನೂ ಕೊಡುವುದು ಇದೇ ಕ್ರೋಮಿಯಮ್. ಅಲೆಕ್ಸಾಂಡ್ರೈಟಿನಲ್ಲಿ ಅದು ಬೆಳಕಿನ ಹಳದಿಯ ಭಾಗವನ್ನು ನುಂಗಿ, ಕೆಂಪನ್ನೂ ನೀಲಿಹಸುರನ್ನೂ ಹೆಚ್ಚುಕಡಿಮೆ ಸಮನಾಗಿ ಹೊರಬಿಡುವುದು. ಹಗಲ ಬೆಳಕಿನಲ್ಲಿ ನೀಲಿಹಸುರಿನ ಪಾಲು ಧಾರಾಳವಾದುದರಿಂದ ಹರಳು ಹಸುರು. ಎಣ್ಣೆಯ ದೀಪದಲ್ಲಿ ಕೆಂಪಿನ ಪಾಲು ಹೆಚ್ಚಾದುದರಿಂದ ಹರಳು ಕೆಂಪು. ಹಗಲು ಪಚ್ಚೆ, ಇರುಳು ಮಾಣಿಕ್ಯ. ಈಗಿನ ಎಲ್‌ಇಡಿ ದೀಪಗಳು ಬಗೆಬಗೆಯವಾದುದರಿಂದ ಅವುಗಳ ಅಡಿಯಲ್ಲಿ ಇದರ ಆಟ ಸರಿಯಾಗಿ ಕಾಣದಿರಬಹುದು. ಮೊದಲು ಬಾಗಿಲ ಬಳಿ ನೋಡಿ, ಆಮೇಲೆ ದೇವರ ಮುಂದಿನ ದೀಪಕ್ಕೆ ಹಿಡಿದು ನೋಡಬೇಕು.

ಉರಾಲಿನ ಗಣಿಗಳು ಬರಿದಾದ ಮೇಲೆ ಸಿಂಹಳದಲ್ಲಿಯೂ, 1987ರಲ್ಲಿ ಬ್ರೆಜಿಲ್ಲಿನ ಹೆಮಟೀಟಾ ಎಂಬಲ್ಲಿಯೂ, ನಮ್ಮ ಆಂಧ್ರ ಒರಿಸ್ಸಾಗಳಲ್ಲಿಯೂ ಇದು ದೊರೆತಿದೆ. ಆದರೆ ಚೆನ್ನಾಗಿ ಬಣ್ಣ ಬದಲಿಸುವ ದೊಡ್ಡ ಹರಳು ಎಲ್ಲಿಯೂ ದುರ್ಲಭ. ಹೀಗಿದ್ದರೂ ಪರದೇಶದ ಪ್ರವಾಸದಿಂದ ಬಂದವರು ಅಡಿಕೆಯಷ್ಟು ದಪ್ಪದ ಅಲೆಕ್ಸಾಂಡ್ರೈಟನ್ನು ಅಲ್ಪ ಬೆಲೆಗೆ ತಂದೆವೆಂದು ತೋರಿಸುವುದುಂಟು. ಅವುಗಳಲ್ಲಿ ಬಹುಭಾಗ ವನೇಡಿಯಮ್ ಬೆರೆಸಿ ಕುಲುಮೆಯಲ್ಲಿ ತಯಾರಿಸಿದ ನೀಲದ ಜಾತಿಯ ಕಲ್ಲು. ಅದೂ ಗೋಸುಂಬೆಯ ಹಾಗೆ ಬಣ್ಣ ಬದಲಿಸುವುದು. ಆದರೆ ಹಸುರಿನಿಂದ ಕೆಂಪಿಗಲ್ಲ, ಬೂದುನೀಲಿಯಿಂದ ನೇರಿಳೆಗೆ.

ಒಡವೆಗೆ ಹೊರತಾದ ಉಪಯೋಗವೂ ಈ ಕುಲಕ್ಕುಂಟು. ಕುಲುಮೆಯಲ್ಲಿ ಬೆಳೆಸಿದ ಅಲೆಕ್ಸಾಂಡ್ರೈಟ್ ಹರಳಿನ ಕಡ್ಡಿಯಿಂದ ಲೇಸರ್ ಯಂತ್ರಗಳನ್ನು 1970ರ ದಶಕದಿಂದ ಮಾಡುತ್ತಿದ್ದಾರೆ. ಅದರ ಬೆಳಕಿನ ಅಲೆ 755 ನ್ಯಾನೋಮೀಟರ್, ಎಂದರೆ ಕಣ್ಣಿಗೆ ಕಾಣುವ ಕೆಂಪಿನ ಅಂಚು. ಚರ್ಮವೈದ್ಯರು ಬೇಡದ ಕೂದಲನ್ನೂ ಹಚ್ಚೆಯನ್ನೂ ಕಲೆಗಳನ್ನೂ ತೆಗೆಯಲು ಇದನ್ನು ಬಳಸುವರು. ಆ ಬೆಳಕನ್ನು ಚರ್ಮದ ಕಪ್ಪುಬಣ್ಣವು ಬಹಳವಾಗಿ ಹೀರುವುದರಿಂದ ನಮ್ಮ ನಾಡಿನ ಶ್ಯಾಮಲವರ್ಣದವರಿಗೆ ಸುಟ್ಟಗಾಯವೋ ಕಲೆಯೋ ಆಗುವ ಭಯ ಹೆಚ್ಚು. ಮದುವೆಗೆ ಮುಂಚೆ ಹೆಣ್ಣುಮಕ್ಕಳನ್ನು ಇಂಥ ಚಿಕಿತ್ಸೆಗೆ ಕರೆದೊಯ್ಯುವ ತಾಯಂದಿರು ಬರಿಯ ಅಲಂಕಾರದ ಅಂಗಡಿಗೆ ಹೋಗದೆ, ತಿಳಿದ ವೈದ್ಯರ ಬಳಿಗೆ ಹೋಗಿ, ತಮ್ಮ ಮೈಬಣ್ಣಕ್ಕೆ ಯಾವ ಯಂತ್ರ ತಕ್ಕದ್ದೆಂದು ಕೇಳಿಕೊಳ್ಳತಕ್ಕದ್ದು.

ಇನ್ನು ಕೇತುಗ್ರಹದ ಮಾತು. ವೈಡೂರ್ಯವು ಕೇತುವಿಗೆ ಪ್ರಿಯವೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅದನ್ನು ಈ ಪುಟದಲ್ಲಿ ವಾದಕ್ಕೆಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಇಷ್ಟನ್ನು ಹೇಳದೆ ಇರಲಾರೆವು. ಹರಳಿನಿಂದ ರೋಗ ವಾಸಿಯಾಗುವುದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದಿರುವಾಗ ಕೊರಳ ಸರವನ್ನು ಅಡವಿಟ್ಟು ಉಂಗುರ ಮಾಡಿಸುವುದು, ಆ ಹಣಕ್ಕಾಗಿ ಚಿಕಿತ್ಸೆಯನ್ನು ಮುಂದೂಡುವುದು, ಇದು ಯಾವ ಗ್ರಹಕ್ಕೂ ಒಪ್ಪಿಗೆಯಾಗಲಾರದು. ಧರಿಸಬೇಕೆಂದು ಹೇಳಿದವರೇ ಹರಳನ್ನೂ ತರಿಸಿಕೊಡುವೆವೆಂದರೆ ಅಲ್ಲಿ ಎರಡು ಸಲ ಯೋಚಿಸುವುದು ಒಳ್ಳೆಯದು. ಸಲಹೆ ಕೊಡುವ ಬಾಯಿ, ಹಣ ತೆಗೆದುಕೊಳ್ಳುವ ಕೈ ಇವೆರಡೂ ಬೇರೆಬೇರೆಯಾಗಿದ್ದರೆ ಮನೆಗೆ ಕ್ಷೇಮ. ನಂಬಿಕೆಯಿಂದ ಧರಿಸುವವರು ಕೂಡ ತಮ್ಮ ಶಕ್ತಿಯೊಳಗೆ ಚಿಕ್ಕ ಹರಳನ್ನು ಕೊಂಡು ಧರಿಸಲಿ.

ಕೊಳ್ಳುವಾಗ ಹರಳಿನ ತಳವನ್ನು ತಪ್ಪದೆ ತಿರುಗಿಸಿ ನೋಡಿರಿ. ವೈಡೂರ್ಯವನ್ನು ತೂಕದ ಮೇಲೆ ಮಾರುವುದರಿಂದ ಸಾಣೆ ಹಿಡಿಯುವವರು ಕೆಳಗಡೆ ಬೇಡದ ಹೊಟ್ಟೆಯನ್ನು ಬಿಟ್ಟಿರುವುದುಂಟು. ಮೇಲಿನಿಂದ ಕಾಣುವುದು ಮೂರು ಕ್ಯಾರಟ್ಟಿನ ಮುಖ, ಹಣ ಕೊಡುವುದು ಐದಕ್ಕೆ. ಮಿಕ್ಕ ಎರಡು ಉಂಗುರದ ಗೂಡಿನಲ್ಲಿ ಯಾರಿಗೂ ಕಾಣದೆ ಕೂತಿರುವುದು. ಚೀಟಿಯಲ್ಲಿ ‘ಕ್ರೈಸೊಬೆರಿಲ್ ಜಾತಿಯ ವೈಡೂರ್ಯ, ಸ್ವಾಭಾವಿಕ’ ಎಂಬ ಮಾತುಗಳನ್ನೂ ತೂಕವನ್ನೂ ಬರೆಸಿಕೊಳ್ಳಿರಿ. ಬರೆಯಲು ಹಿಂಜರಿದರೆ ಅಂಗಡಿಯಿಂದ ಎದ್ದು ಬರಬಹುದು.

ಅಕ್ಕಸಾಲಿಗನಿಗೆ ಕೊಡುವ ಮೊದಲು ಹರಳನ್ನು ನಿಮ್ಮೆದುರಿಗೇ ತೂಗಿಸಿ, ಗೆರೆಯ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿರಿ. ಹಿಂದಿರುಗಿ ಬರುವಾಗ ಹೋಲಿಸಲು ಬೇಕಾಗುವುದು. ಗೆರೆಯು ಬೆರಳಿನ ಉದ್ದಕ್ಕೆ ನಿಲ್ಲುವಂತೆ ಕೂರಿಸಲು ಹೇಳಬೇಕು. ಅಡ್ಡಲಾಗಿ ಕೂರಿಸಿದರೆ ಕೈಯಾಡಿಸುವಾಗ ಕಣ್ಣು ಓಡಾಡುವ ಸೊಗಸು ಕಡಿಮೆಯಾಗುವುದು. ಮಂಕಾದಾಗ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಕರಗಿಸಿ, ಮೆತ್ತನೆಯ ಬ್ರಷ್ಷಿನಿಂದ ತಳದ ಕಡೆಯಿಂದಲೂ ಉಜ್ಜಿ ತೊಳೆದರೆ ಸಾಕು. ಹಿಟ್ಟು ಕಲಸುವಾಗ ಉಂಗುರವನ್ನು ತೆಗೆದಿಡುವುದು ಮೇಲು. ಹರಳಿಗೆ ಏನೂ ಆಗದು, ಗೂಡಿನ ಸಂದಿಯಲ್ಲಿ ಹಿಟ್ಟು ಕೂತು ಕಣ್ಣು ಮಂಕಾಗುವುದಷ್ಟೆ. ಗೋಮೇಧಿಕದ ವಿಷಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.